ದೊಡ್ಡ ಆಂಪ್ ಬದಲಿಸಿದೆ, ಅಕ್ಕಾ

ಕೈನೋವೆಂದು ಸುಳ್ಳು ಹೇಳಿ ಬ್ಯಾಂಡ್ ಬಿಟ್ಟ ನನ್ನ ಅಕ್ಕನಿಗೆ,

ನಿನ್ನ ಕೈಗೆ ಏನೂ ಆಗಿಲ್ಲವೆಂದು ನನಗೆ ಗೊತ್ತಾಗಿದೆ. ಭಾವನ ಮೇಲೆ ರೇಗಬೇಡ. ಪಾಪ, ಅವರು ಕನ್ನಡಕದ ಕಡ್ಡಿ ಬಿಗಿ ಮಾಡಿಸಲು ನನ್ನ ಅಂಗಡಿಗೆ ಬಂದಿದ್ದರು. "ಅಕ್ಕನ ಮಣಿಕಟ್ಟು ಹೇಗಿದೆ ಭಾವ?" ಎಂದೆ. "ಯಾಕೆ, ಅದಕ್ಕೇನಾಯ್ತು?" ಎಂದು ಅವರು ನನ್ನನ್ನೇ ಕೇಳಿದರು. ಅಲ್ಲಿಗೆ ನಿನ್ನ ಗುಟ್ಟು ರಟ್ಟಾಯಿತು. ಕಿವಿ ಮಂದವಾಗಿದೆಯಂತೆ, ಒಳಗೆ ಸದಾ ಗುಂಯ್ ಎನ್ನುತ್ತದಂತೆ, ಜೋರು ಸದ್ದಿನ ಹತ್ತಿರ ಸುಳಿಯಬಾರದೆಂದು ಡಾಕ್ಟರು ಹೇಳಿದ್ದಾರಂತೆ. ಕಿವಿಗೆ ಹಾಕುವ ಮಿಷನ್ನು ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಹಾಯಾಗಿ ಮಲಗಿದೆಯಂತೆ.

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ನೀನು ಅರ್ಧ ಕೇಳಿಸಿಕೊಂಡು ಉಳಿದರ್ಧಕ್ಕೆ ನಕ್ಕುಬಿಡುತ್ತೀ. ಅದಕ್ಕೇ ಈ ಕಾಗದ. ನೀನು ಮತ್ತೆ ಬಂದು ಡ್ರಮ್ಸ್ ಮುಂದೆ ಕೂರಬೇಕು. ಓದಿ ಮುಗಿಸುವ ತನಕ ಬೇಡ ಅನ್ನಬೇಡ.

ಮೊದಲು ನನ್ನ ತಪ್ಪು ಒಪ್ಪಿಸಿಬಿಡುತ್ತೇನೆ. ಗಿಟಾರಿನ ಸದ್ದು ಏರಿಸುವ ನನ್ನ ಹಳೆಯ ಆಂಪ್ ಕೈಕೊಟ್ಟಿದ್ದ ಭಾನುವಾರ ನೆನಪಿದೆಯಾ? ಪುಸ್ತಕದ ಬೈಂಡಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ರಾಕ್ಟೀಸ್ ಮುಗಿಸಿ ನೀನು ಡ್ರಮ್ಸಿಗೆ ಬಟ್ಟೆ ಹೊದಿಸುತ್ತಿದ್ದೆ. ಮನೆಗೂ ಬ್ಯಾಂಡಿಗೂ ಆಗುವಂಥದ್ದು ಒಂದು ಬೇಕಿತ್ತು. "ದೊಡ್ಡದೇ ತಗೊಂಡ್ಬಿಡ್ಲಾ ಅಕ್ಕಾ?" ಎಂದು ಕೇಳಿದೆ. ನೀನು "ಹಾಂ" ಎಂದೆ. ಮರುದಿನವೇ ಹೋಗಿ, ಇಬ್ಬರು ಹಿಡಿದು ಎತ್ತಬೇಕಾದ ಪೆಟ್ಟಿಗೆ ತಂದೆ. ಅದರ ಮುಂದೆ ನೀನು ಬಾರಿಸಿದ್ದು ಒಂದೇ ಒಂದು ಭಾನುವಾರ. ಆಮೇಲೆ ಶುರುವಾಯಿತು ನಿನ್ನ ಕೈನೋವು.

ಈಗ ಗೊತ್ತಾಯಿತು ಅಕ್ಕಾ, ಅದು ಒಪ್ಪಿಗೆಯ "ಹಾಂ" ಅಲ್ಲ, "ಏನಂದೆ?" ಎನ್ನುವ "ಹಾಂ?" ಎಂದು. ಒಂದು ವರ್ಷದಿಂದ ನಿನ್ನ ಎಷ್ಟು ಹಾಂಗಳನ್ನು ನಾವು ಹೂಂ ಅಂದುಕೊಂಡೆವೋ. ನಮ್ಮಲ್ಲಿ ಹಾಡುವ ಹಲ್ಲಿನ ಡಾಕ್ಟರಿಗೆ ಎಲ್ಲ ಹಾಡನ್ನೂ ಏರುದನಿಯಲ್ಲೇ ಹಾಡಲು ನೀನು ಒಪ್ಪಿಗೆ ಕೊಟ್ಟೆಯೆಂದು ಅವರು ಇವತ್ತಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ.

ನನ್ನ ಅಂಗಡಿಗೆ ಬರುವ ಕೆಲವರು ಕಣ್ಣು ಮಂಜಾದದ್ದು ತಿಳಿಯಬಾರದೆಂದು ಗೋಡೆಯ ಮೇಲಿನ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಅಂಥವರನ್ನು ಎರಡೇ ನಿಮಿಷದಲ್ಲಿ ಹಿಡಿಯುತ್ತೇನೆಂದು ಜಂಬ ಕೊಚ್ಚುವವಳು ನಾನು. ನೀನು ನನ್ನ ಎಡಗೈ ನೋಡಿಕೊಂಡು ತಾಳ ಹಿಡಿಯುತ್ತಿದ್ದುದು ಮಾತ್ರ ಕಾಣಲಿಲ್ಲ. ತಂಗಿಯ ಬೆರಳಿನ ಮೇಲೆ ಎಷ್ಟು ಪ್ರೀತಿ ಇವಳಿಗೆ ಅಂದುಕೊಂಡಿದ್ದೆ.

ಭಾವ ಹೋದ ಮೇಲೆ ಅಂಗಡಿ ಮುಚ್ಚಿ, ಆ ಪೆಟ್ಟಿಗೆಯನ್ನು ಆಟೋಗೆ ಹಾಕಿಸಿಕೊಂಡು ಕೊಂಡಲ್ಲಿಗೇ ಹೋದೆ. ಅಂಗಡಿಯವರು ಮೂಗಿನ ಮೇಲೆ ಬೆರಳಿಟ್ಟರು. "ಸದ್ದು ಸಾಲದು ಅಂತ ವಾಪಸ್ ತರೋರು ಬೇಕಾದಷ್ಟು ಜನ. ಜಾಸ್ತಿ ಆಯ್ತು ಅಂತ ತಂದೋರು ನೀವೇ ಮೊದಲು" ಎಂದರು. ಬದಲಿಗೆ ಮಾಡೆಲಿಂಗ್ ಆಂಪ್ ತೋರಿಸಿದರು. ಒಂದೇ ಪೆಟ್ಟಿಗೆ ಹತ್ತಾರು ಹಳೆಯ ಆಂಪುಗಳ ದನಿಯನ್ನು ಮಿಮಿಕ್ರಿ ಮಾಡುತ್ತದೆ. ಕಣ್ಣಿನ ಪರೀಕ್ಷೆಯಲ್ಲಿ ಗಾಜು ಬದಲಿಸಿ "ಇದು ಚೆನ್ನಾಗಿದೆಯಾ, ಅದಾ?" ಎಂದು ಕೇಳುತ್ತೇನಲ್ಲ, ಹಾಗೇ ಎರಡೆರಡನ್ನು ಪಕ್ಕದಲ್ಲಿಟ್ಟು ಅದೇ ನಾಲ್ಕು ಸ್ವರ ನುಡಿಸಿ ನೋಡಿದೆ. ಎಲ್ಲವನ್ನೂ ಮಾತಿನ ಸದ್ದಿಗಿಂತ ಮೇಲೆ ಏರಿಸದೆ. ಒಂದರಲ್ಲಿ ನೂರು ದನಿ, ಆರಿಸುವಷ್ಟರಲ್ಲಿ ಹಾಡೇ ಮರೆತುಹೋಗುತ್ತಿತ್ತು. ಇನ್ನೊಂದು ಅಂಗಡಿಯವರು ಜೋರಿಗಿಟ್ಟು ತೋರಿಸಿದಾಗ ಭರ್ಜರಿ, ತಗ್ಗಿಸಿದೊಡನೆ ಸೊಳ್ಳೆ. ಮೂರನೆಯದು ಚಿಕ್ಕದು. ಎಂಟೇ ದನಿ, ಕೈಯಲ್ಲಿ ತಿರುಗಿಸುವ ಗುಬುಟುಗಳು, ಹೆಡ್‌ಫೋನಿಗೆ ಒಂದು ತೂತು, ಎಲ್ಲರ ಸದ್ದನ್ನು ಬೆರೆಸುವ ಮಿಕ್ಸರಿಗೆ ಇನ್ನೊಂದು. ಸದ್ದು ಎಷ್ಟು ಇಳಿಸಿದರೂ ದನಿ ತುಂಬಿಕೊಂಡೇ ಇತ್ತು. ಅದನ್ನೇ ತಂದೆ.

ಮನೆಯಲ್ಲಿ ಅತ್ತೆ "ಈ ವಯಸ್ಸಲ್ಲಿ ನಿಂಗೆ ಮಾಡೆಲಿಂಗ್ ಯಾಕಮ್ಮಾ?" ಎಂದರು. ಹೆಡ್‌ಫೋನ್ ಹಾಕಿಕೊಂಡು ನುಡಿಸಲು ಕೂತರೆ ಅವರಿಗೆ ಕೇಳಿಸುವುದು ತಂತಿಯ ಟಿಕ್ ಟಿಕ್ ಮಾತ್ರ. ಗಿಟಾರ್ ಕೆಟ್ಟುಹೋಗಿದೆಯೆಂದು ನನಗೆ ಸಮಾಧಾನ ಹೇಳಿದರು. ನಾನಂತೂ ಸ್ವರ್ಗದಲ್ಲಿದ್ದೆ. ಪ್ರತಿಧ್ವನಿ ಏರಿಸಿ, ನಡುವಿನ ಸ್ವರಗಳನ್ನು ತಗ್ಗಿಸಿ, ರೇಷ್ಮೆಯಂಥ ದನಿಯೊಂದನ್ನು ಕೂಡಿಸಿಟ್ಟುಕೊಂಡೆ. ಭಾನುವಾರ ಬ್ಯಾಂಡಿನಲ್ಲಿ ಅದನ್ನೇ ಹಚ್ಚಿದರೆ ನನ್ನ ಗಿಟಾರ್ ಪತ್ತೆಯೇ ಇಲ್ಲ. "ಮೇಡಂ, ಶುರು ಮಾಡ್ತೀರಾ?" ಎಂದ ಬೇಸ್ ಗಿಟಾರ್ ನುಡಿಸುವ ನಮ್ಮ ಲಿಫ್ಟ್ ರಿಪೇರಿಯವನು. ಆಗಲೇ ಎರಡು ಚರಣ ನುಡಿಸಿ ಬೆವರುತ್ತಿದ್ದೆ. ಸದ್ದು ಏರಿಸಲು ಕೈ ಹೋಯಿತು, ತಡೆದೆ. ಪ್ರತಿಧ್ವನಿ ತೆಗೆದು ನಡುವಿನ ಸ್ವರಗಳನ್ನು ಎತ್ತಿದೆ. ಒಂಟಿಯಾಗಿ ಕೇಳಿದರೆ ಅದು ಒರಟು ದನಿ, ಆದರೆ ಎಲ್ಲರ ನಡುವೆ ಸದ್ದು ಏರಿಸದೆಯೂ ಎದ್ದು ಕೇಳಿಸಿತು.

ಈಗ ನಮ್ಮ ಕೋಣೆಗೆ ಬಂದರೆ ನಿನಗೆ ನಗು ಬರುತ್ತದೆ. ಎಲ್ಲರ ತಂತಿಗಳೂ ಮಿಕ್ಸರ್ ಎಂಬ ಒಂದು ಪುಟ್ಟ ಪೆಟ್ಟಿಗೆ ಸೇರುತ್ತವೆ, ಎಲ್ಲರೂ ಹೆಡ್‌ಫೋನಿನಲ್ಲಿ ಕೇಳುತ್ತೇವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಗುಬುಟು, ಯಾರಿಗೆ ಎಷ್ಟು ಬೇಕೋ ಅಷ್ಟು. ನಿನಗೆಂದು ರಬ್ಬರ್ ತಟ್ಟೆಗಳ ಡ್ರಮ್ಸ್ ತಂದಿಟ್ಟಿದ್ದೇವೆ, ಕೋಲು ಬಿದ್ದರೆ ಬಾಗಿಲು ತಟ್ಟಿದಷ್ಟೇ ಸದ್ದು. ಹೊರಗಿನಿಂದ ಬಂದವರಿಗೆ ಹಲ್ಲಿನ ಡಾಕ್ಟರ ಹಾಡೊಂದೇ ಕೇಳುತ್ತದೆ. ಬೈಂಡಿಂಗ್ ಅಂಗಡಿಯವರು ಓಡಿಬಂದು "ಯಾರ ಹಲ್ಲು ಕೀಳ್ತಿದೀರಿ?" ಎಂದರು. ನಿನ್ನ ಕಿವಿಯ ಡಾಕ್ಟರನ್ನೂ ಭಾವನ ಕೈಲಿ ಕೇಳಿಸಿದೆ. ಮೆಲ್ಲಗಿಟ್ಟುಕೊಂಡರೆ, ನಡುನಡುವೆ ವಿರಾಮ ಕೊಟ್ಟರೆ, ಅಡ್ಡಿಯಿಲ್ಲ ಅಂದರಂತೆ.

ಇನ್ನೊಂದು ವಿಷಯ, ನೀನು ಬೇರೆಯವರಿಂದ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಈ ಆಂಪಿನೊಳಗೆ ತಾಳವೂ ಇದೆ. ಗುಂಡಿ ಒತ್ತಿದರೆ ತಾನೇ ಡ್ರಮ್ಸ್ ಬಾರಿಸುತ್ತದೆ. "ಇದೇ ಸಾಕಲ್ವಾ?" ಎಂದು ಹಲ್ಲಿನ ಡಾಕ್ಟರು ಒಂದು ಭಾನುವಾರ ಅದನ್ನು ಹಚ್ಚಿಸಿದರು. ಅದಕ್ಕೆ ಕಿವಿನೋವಿಲ್ಲ, ಕೈನೋವಿಲ್ಲ, ತಪ್ಪೂ ಇಲ್ಲ. ಎರಡನೆಯ ಹಾಡಿನಲ್ಲಿ ಅವರು ಎಂದಿನಂತೆ ಸಾಲು ಮರೆತರು. ನೀನಾಗಿದ್ದರೆ ಅದೇ ಸುತ್ತನ್ನು ಇನ್ನೊಮ್ಮೆ ಬಾರಿಸಿ, ಅವರು ನೆನಪಿಸಿಕೊಳ್ಳುವ ತನಕ ಏನೂ ಆಗದವಳ ಹಾಗೆ ಕಾಯುತ್ತಿದ್ದೆ. ಅದು ತನ್ನ ಪಾಡಿಗೆ ಹಾಡು ಮುಗಿಸಿಯೇಬಿಟ್ಟಿತು. ಡಾಕ್ಟರು ಬಾಯಿ ತೆರೆದವರು ತೆರೆದೇ ನಿಂತಿದ್ದರು. ಆಮೇಲೆ ಅವರೇ ಹೋಗಿ ಗುಂಡಿ ಆರಿಸಿ, "ಅಕ್ಕಾವ್ರನ್ನ ಕರೀರಿ" ಎಂದರು.

ಕರೆಯುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಾ. ಬೀರುವಿನಲ್ಲಿ ಮಲಗಿರುವುದನ್ನೂ ಎಬ್ಬಿಸಿಕೊಂಡು ಬಾ. ನೀನು ತಪ್ಪಿದರೆ ತಪ್ಪಲಿ, ನಮ್ಮಲ್ಲಿ ಯಾರು ತಪ್ಪಿಲ್ಲ? ನಗಬೇಡ, ಊಹಿಸಬೇಡ, ತಲೆಯಾಡಿಸಬೇಡ. ಕೇಳಿಸದಿದ್ದರೆ ಕೇಳಿಸಲಿಲ್ಲ ಎಂದು ಹೇಳು. ಹಾಡು ನಿಲ್ಲಿಸಿ ಇನ್ನೊಂದು ಸಲ ಹೇಳುತ್ತೇವೆ, ಎಷ್ಟು ಸಲವಾದರೂ.

ನಿನ್ನ ಕೈಗಳು ಸದಾ ಗಟ್ಟಿಯಾಗಿರಲಿ. ಅವಕ್ಕೆ ಇನ್ನೊಮ್ಮೆ ಸುಳ್ಳು ನೋವು ಬಾರದಿರಲಿ.

ಆ ಕೈಗಳಿಂದಲೇ ಕಿವಿ ಹಿಂಡಿಸಿಕೊಂಡು ಬೆಳೆದ,
ನಿನ್ನ ತಂಗಿ