ಪಟ್ಟಿಯ ಜಾಗದಲ್ಲಿ ಬಳೆ

ಅಕ್ಕಾ,

ನೀನು ತೀರಿಹೋದ ಮೇಲೆ ಉಳಿದ ನಿನ್ನ ಚೀನೀ ಕವಿತೆಗಳ ನೋಟ್‌ಬುಕ್ಕನ್ನು ಸುಧಾ ಹೋದ ತಿಂಗಳು ನನ್ನ ಕೈಗೆ ಕೊಟ್ಟಳು. ಅದಕ್ಕಾಗಿಯೇ ಹುಮನಾಬಾದಿಗೆ ಬಂದಿದ್ದಳು. "ಮಾಮಾ, ನಾ ಎಲ್ಲಾ ಓದೀನಿ. ಅವ್ವ ತನ್ನ ಬಗ್ಗೆ ಒಂದ್ ಮಾತೂ ಬರದಿಲ್ಲ. ನೀವೊಂದ್ ಸಲ ನೋಡ್ರಿ," ಅಂದಳು. ನಿನ್ನ ಮಗಳು ಹುಡುಕುತ್ತಿದ್ದದ್ದು ಯಾವ ಪುಟದಲ್ಲಿದೆ ಎಂದು ನನಗೆ ತೆರೆಯುವ ಮೊದಲೇ ಗೊತ್ತಿತ್ತು. ಹೊಡೆದು ಹಾಕಿದ ಸಾಲನ್ನು ಯಾರು ಓದುತ್ತಾರೆ? ನೋಡುತ್ತೇನೆ ಎಂದಷ್ಟೇ ಹೇಳಿ ಕಳಿಸಿದೆ.

ಆ ರವಿವಾರ ನೆನಪಿದೆಯೇ? ಕಲ್ಯಾಣದಿಂದ ಬೆಳಗಿನ ಬಸ್ಸಿಗೆ ನೀನು ಬಂದಿದ್ದೆ. ನೀನು ಆ ಕವಿತೆಗಳನ್ನು ಹಿಂದಿಯಿಂದ ಕನ್ನಡಕ್ಕೆ ತರುವುದು, ನಾನು ಇಂಗ್ಲಿಷ್ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡುವುದು, ಎರಡು ವರ್ಷದಿಂದ ನಮ್ಮ ರೂಢಿ. ಆ ಕವಿಗಳ ರೀತಿ ನಿನಗೆ ಹಿಡಿಸಿತ್ತು. ಅವರು ದುಃಖವಾಗಿದೆ ಎಂದು ಬರೆಯುವುದಿಲ್ಲ. ಕಟಕಟೆಗೆ ಒರಗಿ ನಿಂತೆ ಎನ್ನುತ್ತಾರೆ, ಬಾಚಣಿಗೆಯಲ್ಲಿ ಬಿಳಿಗೂದಲು ಬಂತು ಎನ್ನುತ್ತಾರೆ, ಕಾಡುಬಾತುಗಳು ಹೊರಟವು ಎನ್ನುತ್ತಾರೆ. "ನಮ್ಮ ಮಂದಿನೂ ಹಿಂಗೇ ಅಲ್ಲೇನು? ಎದಿ ಒಡದಿರ್ತದ, ಕೇಳಿದ್ರ ಬಿಸಲು ಭಾಳ ಅದ ಅಂತಾರ," ಎಂದು ನೀನು ನಕ್ಕಿದ್ದೆ.

ಗಂಡನಿಂದ ಅಗಲಿದವಳ ಕವಿತೆಯೊಂದರಲ್ಲಿ ಸೊರಗಿದ ಮೈಗೆ ಸೊಂಟದ ಪಟ್ಟಿ ಸಡಿಲಾಗಿತ್ತು. ನೀನು 'ಬಳೆ ಮೊಣಕೈತನಕ ಜಾರುತ್ತವೆ' ಎಂದು ಬರೆದಿದ್ದೆ. ನಾನು ಕೆಂಪು ಪೆನ್ಸಿಲಿನಿಂದ ಅಡಿಗೆರೆ ಎಳೆದೆ. ಮೂಲದಲ್ಲಿ ಪಟ್ಟಿ ಇದೆ, ಬಳೆ ಜಾರುವುದು ನಮ್ಮ ಹಳೆಯ ಕಾವ್ಯಗಳ ಚಾಳಿ, ಅದನ್ನು ಅವರ ಮೇಲೆ ಹೇರಬೇಡ ಅಂದೆ. ಮೂಲವಂತೆ! ನನ್ನ ಕೈಯಲ್ಲಿದ್ದದ್ದೂ ಅನುವಾದವೇ ಅಲ್ಲವೇ?

"ನೀ ಕವಿತಾ ಓದ್ತಿಯೋ, ಪಂಚನಾಮಾ ಮಾಡ್ತಿಯೋ?" ಅಂದೆ ನೀನು. ಆಮೇಲೆ ಮೆತ್ತಗೆ, "ಇರ್ಲಿ ಬಿಡೋ ತಮ್ಮಾ. ಅದೊಂದು ಇರ್ಲಿ." ನಾನು ಬಿಡಲಿಲ್ಲ. ನೀನೇ ಆ ಸಾಲನ್ನು ಹೊಡೆದು ಹಾಕಿ ಪಟ್ಟಿ ಎಂದು ಬರೆದೆ. ಅಂಥ ಸೆಕೆಯಲ್ಲೂ ಸೆರಗನ್ನು ಮುಂಗೈತನಕ ಎಳೆದುಕೊಂಡೆ. ಅದನ್ನು ನಾನು ನೋಡಿದೆ, ಅಕ್ಕಾ. ನೋಡಿಯೂ...

ಸಂಜೆ ಮಾಣಿಕನಗರದ ಬಳೆ ಅಂಗಡಿಯಲ್ಲಿ ನಿಂತೆವು. ಅಂಗಡಿಯಾಕೆ ನಿನ್ನ ಕೈ ಹಿಡಿದು ನೋಡಿ, ಎರಡು-ಆರರ ಅಳತೆ ಇತ್ತು, ಈಗ ಎರಡು-ನಾಲ್ಕೂ ಸಡಿಲಾಗುತ್ತಿದೆ, ಏನಾಯಿತು ಎಂದು ಕೇಳಿದಳು. "ಡಾಯಟ್ ಮಾಡಾಕತ್ತೇನ್ರಿ," ಅಂದೆ ನೀನು. ಇಬ್ಬರೂ ನಕ್ಕಿರಿ. ನಾನು ಬಸ್ಸಿನ ಹೊತ್ತು ನೋಡುತ್ತಿದ್ದೆ. ಆಕೆ ಎರಡು ನಿಮಿಷದಲ್ಲಿ ಕೇಳಿದ್ದನ್ನು ಇಡೀ ದಿನ ನಿನ್ನೆದುರು ಕೂತ ನಾನು ಕೇಳಲಿಲ್ಲ. ಅತ್ತೆ ಹಾಸಿಗೆ ಹಿಡಿದಿದ್ದಾರೆ, ಸುಧಾಳ ಪರೀಕ್ಷೆ ಮುಗಿಯಲಿ ಎಂದು ನೀನು ಹೊಟ್ಟೆಯ ನೋವನ್ನು ಮುಚ್ಚಿಟ್ಟದ್ದು ನಮಗೆ ತಿಳಿದದ್ದು ನಾಲ್ಕು ತಿಂಗಳ ಮೇಲೆ, ತಡವಾಯಿತು ಎಂದು ಡಾಕ್ಟರು ಹೇಳಿದಾಗ. ಆ ರವಿವಾರವೇ ಕೇಳಿದ್ದರೆ?

ಮೊನ್ನೆ ಕಲ್ಯಾಣಕ್ಕೆ ಹೋಗಿ ಸುಧಾಳ ಮುಂದೆ ಆ ಪುಟ ತೆರೆದೆ. ಹೊಡೆದ ಸಾಲಿನ ಮೇಲೆ ಬೆರಳಿಟ್ಟು, ಇದು ಚೀನಾದ್ದಲ್ಲ, ನಿಮ್ಮವ್ವನದು, ಹೊಡೆಸಿದವ ನಾನು ಅಂದೆ. ಇದ್ದದ್ದು ಮೂರೇ ಪದ. ಬಹಳ ಹೊತ್ತು ಓದಿದಳು.

"ಮತ್ತ ನೀವು ಕೇಳಲಿಲ್ಲೇನು, ಮಾಮಾ?"

"ಇಲ್ಲವ್ವಾ."

ನೋಟ್‌ಬುಕ್ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಭಾವ ಚಹಾ ತಂದುಕೊಟ್ಟರು. ಅಂದಿನಿಂದ ಅವಳ ಫೋನಿಲ್ಲ. ನಾಡಿದ್ದು ಮತ್ತೆ ಹೋಗುತ್ತೇನೆ. ಬಾಗಿಲು ತೆಗೆಯದಿದ್ದರೆ ಪಡಸಾಲೆಯಲ್ಲಿ ಕೂಡುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಅವಳೂ ನಿನ್ನ ಹಾಗೆ ಆರಾಮಿದ್ದೇನೆ ಎಂದರೆ ಮಾತ್ರ, ಅಕ್ಕಾ, ಈ ಸಲ ನಂಬುವುದಿಲ್ಲ.