ಸುಡದೆ ಉಳಿದ ಟಿನ್ನೆ

ಓಸ್ಟೆಂಡ್
ನವೆಂಬರ್ 9, ಭಾನುವಾರ

ಮುದ್ದು ಲೀವೆನ್,

ನಿನ್ನ ಕೆಮ್ಮು ಹೇಗಿದೆ? ವಾಸಿಯಾಯಿತು ಎಂದು ನೀನು ಫೋನಿನಲ್ಲಿ ಹೇಳಿದೆ, ಆದರೆ ಹಾಗೆ ಹೇಳುವಾಗಲೇ ಕೆಮ್ಮಿದೆ. ಬರ್ಗೆನ್‌ನ ಆ ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುವಾಗ ಕೊರಳಿಗೆ ಉಣ್ಣೆಬಟ್ಟೆ ಸುತ್ತಿಕೋ. ಆದರೆ ಕಿಡಿ ಸಿಡಿಯುವ ಕಡೆ ಉಣ್ಣೆ ಒಳ್ಳೆಯದೋ ಅಲ್ಲವೋ, ಯಾರನ್ನಾದರೂ ಕೇಳು. ನನ್ನ ಮಂಡಿನೋವು ಇದ್ದದ್ದೇ. ಈಗ ಹೇಳಬೇಕಾದ್ದು ಫೋನಿನಲ್ಲಿ ಹೇಳುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಅರ್ಧಕ್ಕೇ ಶಾಲೆ ಬಿಟ್ಟು ಸಿಗಡಿ ಸುಲಿಯಲು ಹೋದವಳು, ತಪ್ಪಿದ್ದರೆ ತಿದ್ದಿಕೊಂಡು ಓದು.

ಆ ಸಿನಿಮಾ ಬಂತು. ಹೋದ ವರ್ಷ ಬೇಸಿಗೆಯಲ್ಲಿ ನಿನ್ನ ಅತ್ತೆ ಮಾರ್ಲೇನ್ ತನ್ನ ಹೋಟೆಲಿಗೆ ಬಂದ ಸಿನಿಮಾದವರಿಗೆ ಊಟ ಬಡಿಸಿದ್ದಲ್ಲದೆ, ನಮ್ಮಣ್ಣ ಬರೆದ ಚಿತ್ರ ನೋಡಿ ಬನ್ನಿ ಅಂತ ನಮ್ಮ ಮನೆಗೇ ಕರೆತಂದಳಲ್ಲ, ಅದೇ ಸಿನಿಮಾ. ದೋಣಿಗಳಿಗೆ ಹೆಸರು ಬರೆದೇ ಜೀವನ ಕಳೆದ ನಿನ್ನಪ್ಪ ನಿನ್ನ ತಂಗಿ ಟಿನ್ನೆಯನ್ನು ಕೂರಿಸಿ ಬರೆದದ್ದು ಅದೊಂದೇ, ಅವಳು ಜ್ವರದಲ್ಲಿ ಹೋಗುವ ಹಿಂದಿನ ಚಳಿಗಾಲದಲ್ಲಿ. ಕಥೆಯಲ್ಲಿ ಚಿತ್ರವನ್ನು ಸುಡಬೇಕು ಎಂದಾಗ ನಾನು ಆಗುವುದಿಲ್ಲ ಎಂದೆ. ನಕಲು ಮಾಡಿಸಿ ಅದನ್ನು ಸುಡುತ್ತೇವೆ, ಎಲ್ಲರದೂ ಅದೇ ರೂಢಿ ಎಂದರು. ಹಾಗಾದರೆ ನಕಲು ಒಂದು ಚೂರೂ ಉಳಿಯಬಾರದು, ನನ್ನ ಮಗಳು ಎರಡಾಗಿ ಊರು ಸುತ್ತಬಾರದು ಎಂದು ನಾನೇ ಹಟ ಹಿಡಿದೆ. ಅವರು ಒಪ್ಪಿದರು. ಮತ್ತೆ ಬೇಕಾದೀತು ಅಂತ ಸಿನಿಮಾ ಮುಗಿಯುವ ತನಕ ಅಸಲು ಚಿತ್ರವನ್ನೂ ತಮ್ಮಲ್ಲೇ ಇಟ್ಟುಕೊಂಡರು. ಗೋಡೆ ಖಾಲಿಯಿದ್ದಷ್ಟು ದಿನವೂ ನಾನು ಆ ಕಡೆ ನೋಡದೆ ಮೆಟ್ಟಿಲು ಹತ್ತಿದೆ.

ಸಿನಿಮಾ ನಗಿಸುವಂಥದ್ದು, ಸುಳ್ಳು ಹೇಳಬಾರದು. ಚಿತ್ರ ಮಾರುವ ಸಿರಿವಂತ ಹೆಂಗಸೊಬ್ಬಳು ಬಡ ಚಿತ್ರಗಾರನಿಂದ ಒಂದು ಚಿತ್ರ ಕೊಂಡು, ದೊಡ್ಡವರನ್ನೆಲ್ಲ ಕರೆದು, ಎಲ್ಲರೆದುರು ಅದನ್ನು ಸುಟ್ಟು, ಬೂದಿಯನ್ನು ಸೀಸೆಗಳಲ್ಲಿ ತುಂಬಿ ಮಾರುತ್ತಾಳೆ. ಜನ ನೂಕಾಡಿ ಕೊಳ್ಳುತ್ತಾರೆ. ಥಿಯೇಟರಿನಲ್ಲಿ ನಗು ನಿಲ್ಲಲೇ ಇಲ್ಲ. ಮಾರ್ಲೇನ್ ನನ್ನ ಕೈ ಹಿಡಿದುಕೊಂಡೇ ನಕ್ಕಳು. “ನಗು ಬರ್ತಿದೆ, ಏನ್ ಮಾಡ್ಲಿ ಗೋದೆಲೀವ್, ಆ ಬೋಳುತಲೆಯವನು ಬೂದಿ ಮೂಸಿ ಕಣ್ಣೀರು ಹಾಕ್ತಾನಲ್ಲ,” ಅಂದಳು. ನಾನು ಬೋಳುತಲೆಯವನನ್ನು ನೋಡಲಿಲ್ಲ. ಬೆಂಕಿ ಲಂಗದ ಅಂಚಿನಿಂದ ಹತ್ತಿ ಗಲ್ಲದ ಹತ್ತಿರ ಬರುವ ತನಕ ಟಿನ್ನೆ ನನ್ನನ್ನೇ ನೋಡುತ್ತಿದ್ದಳು. ನಕಲು ಎಂದು ಗೊತ್ತಿದ್ದೂ ನನ್ನ ಕಾಲುಗಳು ತಾವಾಗಿ ಎದ್ದು ನಿಂತವು. ಹಿಂದಿನವರು “ಕೂತ್ಕೊಳ್ರೀ, ಕಾಣಲ್ಲ” ಎಂದರು.

ಈ ಮಂಗಳವಾರ ಸಿನಿಮಾಕ್ಕೆ ಸಾಮಾನು ಹೊಂದಿಸುವ ಯೋಸ್ಟ್ ಎಂಬವನು ಚಿತ್ರ ತಂದ. ಗಾಡಿಯಿಂದ ಇಳಿಸಿದ್ದು ಎರಡು. “ಬೈಬೇಡಿ ಅಮ್ಮ, ನಕಲನ್ನ ಸುಡೋಕೆ ನನ್ನ ಕೈಲಾಗಲಿಲ್ಲ. ನನಗೂ ಅಷ್ಟೇ ವಯಸ್ಸಿನ ಮಗಳಿದ್ದಾಳೆ. ಚಿತ್ರವನ್ನ ಕಾಗದಕ್ಕೆ ಅಚ್ಚು ಹಾಕಿಸಿ, ಹಲಗೆಗೆ ಅಂಟಿಸಿ ಅದನ್ನ ಸುಟ್ಟೆ, ಯಾರಿಗೂ ಗೊತ್ತಾಗಿಲ್ಲ,” ಎಂದ. ಅವನಿಗೆ ಕಾಫಿ ಕೊಟ್ಟೆ. ಅಸಲು ಯಾವುದಪ್ಪ ಎಂದರೆ ಅವನ ಮುಖ ಸಣ್ಣದಾಯಿತು. ಗುರುತಿಗೆ ಕಟ್ಟಿದ್ದ ದಾರ ಗಾಡಿಯಲ್ಲಿ ಎಲ್ಲೋ ಬಿಚ್ಚಿಹೋಗಿದೆ. ನಕಲು ಮಾಡಿದವನು ಹಿಂಬದಿಯ ಬಟ್ಟೆಗೆ ಚಹದ ಬಣ್ಣ ಬಳಿದು, ತುಕ್ಕು ಹಿಡಿದ ಮೊಳೆಗಳನ್ನೇ ಹುಡುಕಿ ಹೊಡೆದಿದ್ದಾನೆ. “ನಿಮಗೆ ಗೊತ್ತಾಗತ್ತೆ ಬಿಡಿ, ಹೆತ್ತವರಲ್ವಾ. ಬೇಡದ್ದನ್ನ ನೀವೇ ಕತ್ತರಿಸಿಬಿಡಿ,” ಎಂದು ಹೊರಟುಹೋದ.

ನನಗೆ ಗೊತ್ತಾಗುತ್ತಿಲ್ಲ ಲೀವೆನ್. ಇಬ್ಬರನ್ನೂ ಅಡುಗೆಮನೆಯ ಕುರ್ಚಿಗಳ ಮೇಲೆ ಒರಗಿಸಿದ್ದೇನೆ. ಒಬ್ಬಳ ತುಟಿ ಕೂದಲೆಳೆಯಷ್ಟು ತೆರೆದಿದೆ, ಏನೋ ಹೇಳಲು ಹೊರಟ ಹಾಗೆ. ಇನ್ನೊಬ್ಬಳದು ಮುಚ್ಚಿದೆ. ನಿನ್ನಪ್ಪ ಇದ್ದಿದ್ದರೆ ಕೇಳಬಹುದಿತ್ತು, ಹೇಗೆ ಬರೆದಿದ್ದರು? ನೆನಪು ಮಾಡಿಕೊಳ್ಳಲು ಹೋದರೆ ಹುಡುಗಿಯ ಮುಖವೇ ಬರುವುದಿಲ್ಲ, ಚಿತ್ರದ ಮುಖ ಬರುತ್ತದೆ. ಅದೂ ಈಗ ಎರಡಾಗಿ ಬರುತ್ತದೆ. ಒಂದಕ್ಕೆ ಬಟ್ಟೆ ಮುಚ್ಚುತ್ತೇನೆ, ಮುಚ್ಚಿದ್ದು ನಿಜವಾದ ಟಿನ್ನೆಯನ್ನೇ ಆಗಿದ್ದರೆ ಅಂತ ಓಡಿಹೋಗಿ ತೆಗೆದು ಇನ್ನೊಂದಕ್ಕೆ ಹಾಕುತ್ತೇನೆ. ಪಾತ್ರೆ ತೊಳೆಯುವಾಗ ಬೆನ್ನು ತಣ್ಣಗಾಗುತ್ತದೆ. ತಿರುಗಿದರೆ ಬಟ್ಟೆ ಇದ್ದಲ್ಲೇ ಇರುತ್ತದೆ. ಮಾರ್ಲೇನ್ ಬಂದು ನೋಡಿ, “ಹೆತ್ತ ತಾಯಿಗೇ ಗೊತ್ತಾಗಲ್ಲ ಅಂದ್ರೆ ಹೇಗೆ? ಒಂದನ್ನ ನನ್ನ ಹೋಟೆಲಿಗೆ ಕೊಡು, ಗಿರಾಕಿಗಳಾದ್ರೂ ಬರ್ತಾರೆ,” ಎಂದಳು. ನನ್ನನ್ನು ನಗಿಸಲೆಂದೇ ಅಂದದ್ದು, ಪಾಪ. ಅವಳು ಹೋದ ಮೇಲೆ ಕತ್ತರಿ ಹಿಡಿದು ಕೂತೆ. ಯಾರ ಕಡೆ ಎತ್ತಿದರೂ ಇನ್ನೊಬ್ಬಳು ನೋಡುತ್ತಿದ್ದಳು.

ನೀನು ಅಣ್ಣ, ಅವಳನ್ನು ಬೆನ್ನ ಮೇಲೆ ಹೊತ್ತು ಸಮುದ್ರದ ದಂಡೆಗೆ ಒಯ್ದವನು. ನಿನ್ನ ಕಣ್ಣಿಗೆ ಇನ್ನೂ ವಯಸ್ಸಾಗಿಲ್ಲ, ಮರೆತಿರಲಾರದು. ಕ್ರಿಸ್‌ಮಸ್ ತನಕ ಕಾಯಬೇಡ, ರಜೆ ಸಿಕ್ಕರೆ ಬೇಗ ಬಂದು ಒಂದು ಮಾತು ಹೇಳಿ ಹೋಗು. ರಜೆ ಕೊಡದಿದ್ದರೆ ಜಗಳವಾಡಬೇಡ, ಕೆಲಸ ಮುಖ್ಯ. ಬಿಸಿ ಸೂಪು ಕುಡಿ. ದೇವರು ನಿನ್ನ ಎದೆಯನ್ನು ಬೆಚ್ಚಗಿಡಲಿ.

ನಿನ್ನ ಅಮ್ಮ,
ಗೋದೆಲೀವ್

ಮರೆತೆ: ಸೋಮವಾರ ಬೆಳಿಗ್ಗೆ ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆಯವನು ಬರುವ ಹೊತ್ತಾಯಿತು. ನೀನು ಬಂದು ಹೇಳುವುದು ಬೇಡ. ನೀನು ಒಂದರ ಕಡೆ ಕೈ ತೋರಿಸಿದರೆ ಇನ್ನೊಂದನ್ನು ನಾನು ಕತ್ತರಿಸಬೇಕಾಗುತ್ತದೆ, ಈ ವಯಸ್ಸಿನಲ್ಲಿ ಅದು ನನ್ನಿಂದಾಗದು. ಒಬ್ಬಳನ್ನು ಕಂಬಳಿಯಲ್ಲಿ ಸುತ್ತಿ ಪಾರ್ಸೆಲ್ ಮಾಡಿ ನಿನ್ನಲ್ಲಿಗೆ ಕಳಿಸುತ್ತಿದ್ದೇನೆ. ಯಾರನ್ನು ಕಳಿಸುತ್ತಿದ್ದೇನೆಂದು ನನಗೇ ತಿಳಿಯಬಾರದು ಅಂತ ಕಣ್ಣು ಮುಚ್ಚಿಕೊಂಡೇ ಸುತ್ತಿದೆ. ನಿನಗೆ ತಿಳಿದರೂ ನನಗೆ ಬರೆಯಬೇಡ. ಬೆಳಕಿರುವ ಗೋಡೆಗೆ ಹಾಕು. ಯಾರಾದರೂ ಕೇಳಿದರೆ ಚಿತ್ರ ಎನ್ನಬೇಡ, ತಂಗಿ ಎನ್ನು.