ಸತ್ಯಕ್ಕನ ವೈಸ್ ವರ್ಸಾ

ಅಕ್ಕಾ,

ಔರಾದಿನ ಶಾಲೆಯಲ್ಲಿ ಗೋರಖನಾಥ ಮಾಸ್ತರರು ಇಂಗ್ಲಿಷ್ ಕಲಿಸುತ್ತಿದ್ದದ್ದು ನೆನಪಿದೆಯಾ? ‘ವೈಸ್ ವರ್ಸಾ’ ಎಂಬ ಮಾತು ಬಂದ ದಿನ ನಮ್ಮಿಬ್ಬರನ್ನೂ ಎಬ್ಬಿಸಿ ನಿಲ್ಲಿಸಿದ್ದರು. “ಸತ್ಯಮ್ಮ ಚಂದ್ರಭಾಗಾಗ ಹೊಡಿತಾಳ, ವೈಸ್ ವರ್ಸಾ. ಅಂದ್ರ ಇಕಿನೂ ಅಕಿಗಿ ಹೊಡಿತಾಳ. ಖರೇ ಹೌದಿಲ್ಲೋ?” ಎಲ್ಲರಿಗಿಂತ ಜೋರಾಗಿ ನೀನೇ ನಕ್ಕಿದ್ದೆ.

ಅದು ಎಪ್ಪತ್ತೆರಡರ ಬರ. ಎಕಂಬಾದಲ್ಲಿ ನಮ್ಮ ಕುರಿಗಳೆಲ್ಲ ಮೇವಿಲ್ಲದೆ ಸತ್ತವು. ಅಪ್ಪ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟ. ಮಣ್ಣು ಹೊರಲು ಜೊತೆಗೊಬ್ಬರು ಬೇಕಿತ್ತು. ಹಾಸಿಗೆ ಹಿಡಿದ ಅಜ್ಜಿಯನ್ನು ಬಿಟ್ಟು ಅವ್ವ ಹೋಗುವಂತಿರಲಿಲ್ಲ. ನೀನು ಓದಿನಲ್ಲಿ ಜಾಣೆ. ಹಾಗಾಗಿ ನಾನೇ ಹೋಗಬೇಕೆಂದಾಯಿತು.

ಹೊರಡುವ ಮುಂಜಾನೆ ನನ್ನ ಮೈ ಸುಡುತ್ತಿತ್ತು. ನೀನು ಹಣೆ ಮುಟ್ಟಿದೆ, ಕುತ್ತಿಗೆ ಮುಟ್ಟಿದೆ, ಆಮೇಲೆ ಕಂಕುಳು. ಕೈಯನ್ನು ಲಂಗಕ್ಕೆ ಒರೆಸಿಕೊಂಡು ಅಪ್ಪನತ್ತ ತಿರುಗಿದೆ. “ಅಪ್ಪಾ, ಇಕಿಗಿ ಜರ ಬಂದಾವ. ನಾ ಬರ್ತೇನಿ,” ಎಂದೆ. ನನ್ನ ಕಿವಿಯ ಹತ್ತಿರ ಬಗ್ಗಿ, “ವೈಸ್ ವರ್ಸಾ ಮಾಡೂಣು ಚಂದ್ರಿ. ನೀ ಸಾಲಿಗಿ, ನಾ ಕೆಲಸಕ್ಕ,” ಎಂದು ನಕ್ಕೆ. ಅಂದೇ ಭಾಲ್ಕಿಯಲ್ಲಿ ರೈಲು ಹತ್ತಿದಿರಿ.

ಹಿಂದಿನ ರಾತ್ರಿ ಮೈ ಬಿಸಿಯಾಗಲೆಂದು ನಾನೇ ಕಂಕುಳಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡು ಮಲಗಿದ್ದೆ ಅಕ್ಕಾ. ನಿನ್ನ ಕೈಗೆ ಅದರ ವಾಸನೆ ಹತ್ತಿರಲೇಬೇಕು. ನೀನು ಯಾರಿಗೂ ಹೇಳಲಿಲ್ಲ.

ಮೂರು ತಿಂಗಳಿಗೆ ಅಪ್ಪ ಒಬ್ಬನೇ ಬಂದ. ಗೋಡೆ ಕುಸಿಯಿತು ಎಂದಷ್ಟೇ ಹೇಳಿದ. ನಿನ್ನನ್ನು ಅಲ್ಲೇ ಮಣ್ಣು ಮಾಡಿದ್ದ.

ನಾನು ಓದಿದೆ. ಬೀದರಿನಲ್ಲಿ ಮೂವತ್ತೆರಡು ವರ್ಷ ಇಂಗ್ಲಿಷ್ ಕಲಿಸಿದೆ. ಆ ಮಾತು ಬಂದಾಗ ಮಕ್ಕಳಿಗೆ ‘ಪರಸ್ಪರ’ ಎಂದು ಬರೆಸಿದೆ, ‘ತಿರುವುಮುರುವು’ ಎಂದು ಬರೆಸಿದೆ. ಬೀದರಿನಿಂದ ಭಾಲ್ಕಿಗೆ ಹೋಗಿ ಬರುವ ಬಸ್ಸಿನ ಉದಾಹರಣೆ ಕೊಟ್ಟೆ. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಎಂಬ ಅರ್ಥವನ್ನು ಬೋರ್ಡಿನ ಮೇಲೆ ಬರೆಯಲು ಮಾತ್ರ ಕೈ ಏಳಲಿಲ್ಲ. ಹಾಜರಿಯಲ್ಲಿ ಸತ್ಯಮ್ಮ ಎಂಬ ಹೆಸರು ಬಂದರೆ ತಲೆ ಎತ್ತದೆ ಮುಂದಿನ ಹೆಸರು ಕೂಗುತ್ತಿದ್ದೆ.

ಅವ್ವ ಈಗ ನನ್ನ ಹತ್ತಿರವೇ ಇದ್ದಾಳೆ. ತೊಂಬತ್ತು ದಾಟಿದೆ, ಕಣ್ಣು ಮಂಜು. ಈ ಬೇಸಿಗೆಯಿಂದ ನನ್ನನ್ನು ನೀನೆಂದೇ ತಿಳಿಯುತ್ತಿದ್ದಾಳೆ. ಮೊದಲ ದಿನ, “ನಾ ಚಂದ್ರಿ ಅವ್ವಾ,” ಎಂದು ತಿದ್ದಿದೆ. “ಮತ್ತ ಸತ್ಯಮ್ಮ ಎಲ್ಲಿ?” ಎಂದು ಹೊಸದಾಗಿ ಸುದ್ದಿ ಕೇಳಿದವಳಂತೆ ಅತ್ತಳು. ಮರುದಿನ, “ಸತ್ಯಮ್ಮಾ, ಬಂದಿ ಏನ?” ಎಂದಾಗ, “ಹೂಂ ಅವ್ವಾ, ಬಂದೇನಿ,” ಎಂದುಬಿಟ್ಟೆ.

ನನ್ನ ಅಂಗೈಗಳನ್ನು ಸವರಿ ನೋಡಿದಳು. “ಕೈ ಭಾಳ ಮೆತ್ತಗ ಅದಾವ. ಛಲೋ ಆತು, ಅಲ್ಲಿ ನಿನಗ ದುಡಿಸಿಲ್ಲ,” ಎಂದು ಸಮಾಧಾನದಿಂದ ಕಣ್ಣು ಮುಚ್ಚಿದಳು.

ಈಗಲೂ ನಿನ್ನ ಹೆಸರು ಹಿಡಿದು ಕರೆಯುತ್ತಿದ್ದಾಳೆ. ಹೋಗುತ್ತೇನೆ. ನೀನು ಮಲಗಿರುವಲ್ಲಿ ಮಣ್ಣು ಹಗುರಾಗಿರಲಿ.

ನಿನ್ನ ತಂಗಿ,
ಚಂದ್ರಭಾಗಾ